ಕಾಕಾ ಬಿಟ್ಟ ಹಾಗಲಕಾಯಿ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಯಾದಗಿರಿ ಕಡೆಯಿಂದ ನಮ್ಮನ್ನು ಪುಣೆಗೆ ಕರೆತಂದವನೂ ಅವನೇ, ಕಾತ್ರಜದ ಗುಡ್ಡದ ಬದಿಗೆ ತಗಡಿನ ಮನೆ ಹುಡುಕಿಕೊಟ್ಟವನೂ ಅವನೇ, ಅಪ್ಪನನ್ನು ಸೆಂಟ್ರಿಂಗ್ ಕೆಲಸಕ್ಕೆ ಹಚ್ಚಿದವನೂ ಅವನೇ. ಹಾಗಾಗಿ ನಮ್ಮ ಮನೆಯಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುವ ಹಕ್ಕು ಅವನಿಗಿತ್ತು.

"ಸ್ವಾರಗೇಟಿಗಿ ಮೆಟ್ರೋ ಬರಂಗಿಲ್ಲ, ಈಕಿ ಡಿಗ್ರಿ ಮುಗ್ಯಂಗಿಲ್ಲ. ಬರದಿಟ್ಕೋರಿ" ಎಂದು ಒಂದೇ ಉಸಿರಿನಲ್ಲಿ ಹೇಳಿದ್ದ. ಬರೆದಿಟ್ಟುಕೊಳ್ಳಲು ನಮ್ಮ ಮನೆಯಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ.

ಮೆಟ್ರೋ ಬಂತು. "ಬಂದದ ಖರೆ, ಭಾಳ ದಿನ ನಡ್ಯಂಗಿಲ್ಲ" ಎಂದ ಮಾವ.

ಅದೇ ಕಾಲದಲ್ಲಿ ಆಗುವುದೇ ಇಲ್ಲವೆಂದು ಜನ ಕೈಬಿಟ್ಟಿದ್ದ ಇನ್ನೊಂದು ಸಂಗತಿ ಪುಣೆಯಲ್ಲಿತ್ತು. ಅದು ಕೋಥರೂಡದ ನಾಲ್ಕು ಹುಡುಗರ ಬ್ಯಾಂಡಿನ ಎರಡನೆಯ ಆಲ್ಬಮ್. ಮೊದಲನೆಯದು ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಎರಡನೆಯದು ಬರುತ್ತಿದೆ, ಬರುತ್ತಿದೆ ಎನ್ನುತ್ತಲೇ ಗಿಟಾರಿನವನ ಮದುವೆಯಾಯಿತು, ಡ್ರಮ್ಮಿನವನಿಗೆ ಬೊಜ್ಜು ಬಂತು, ಹಾಡುವವನ ಗಂಟಲು ಕೆಟ್ಟು ಮತ್ತೆ ಸರಿಹೋಯಿತು. ಆಲ್ಬಮ್ ಮಾತ್ರ ಬರಲಿಲ್ಲ. ಅದು ಬಂದೇ ಬರುತ್ತದೆಂದು ನಂಬಿದವರು ನನಗೆ ಗೊತ್ತಿದ್ದಂತೆ ಒಬ್ಬರೇ. ನನ್ನ ಡಿಗ್ರಿ ಆಗಿಯೇ ಆಗುತ್ತದೆಂದು ನಂಬಿದವರೂ ಅವರೇ.

ಹೋದ ತಿಂಗಳು ಅವರು ನಿವೃತ್ತರಾಗಿ ಧಾರವಾಡಕ್ಕೆ ಹೊರಟರು. ಬೀಳ್ಕೊಡುವ ದಿನ ನಾಲ್ಕು ಮಾತಾಡೆಂದು ಆಫೀಸಿನವರು ನನ್ನನ್ನು ನಿಲ್ಲಿಸಿದರು. ಎರಡು ಆಡುವುದರೊಳಗೆ ಸಮೋಸಾ ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ವಾರಗೇಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸು. ಹನ್ನೆರಡನೆಯ ತರಗತಿ ಮುಗಿಸಿ ನಾನು ಅಲ್ಲಿ ಬಿಲ್ ಹೊಡೆಯುವ ಕೆಲಸಕ್ಕೆ ಸೇರಿದೆ. ಬಿ.ಕಾಂ.ಗೆ ಹೊರಗಿನಿಂದಲೇ ಕಟ್ಟಿದ್ದೆ. ಆಲ್ಬಮ್ಮನ್ನೂ ನನ್ನ ಡಿಗ್ರಿಯನ್ನೂ ನಂಬಿದ ಅವರು ಅಲ್ಲಿನ ಅಕೌಂಟ್ಸ್ ನೋಡುವವರು. ಎಲ್ಲರಿಗೂ ಕಾಕಾ, ಮಾಲೀಕರಾದ ಶೇಠರಿಗೂ ಕಾಕಾ, ಡ್ರೈವರುಗಳಿಗೂ ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಸಣ್ಣ ಗಂಧ, ಎಡಗಿವಿಯಲ್ಲಿ ವೈರಿನ ಇಯರ್‌ಫೋನು. ಬಲಗಿವಿ ಖಾಲಿ, ಅದು ಶೇಠರು ಕರೆದರೆ ಕೇಳಿಸಲಿ ಎಂದು.

ಮೊದಲ ವಾರ ಧೈರ್ಯ ಮಾಡಿ ಕೇಳಿದೆ: "ಕಾಕಾ, ಭಜನಿ ಕೇಳ್ಲಕತ್ತೀರೇನ್ರಿ?"

ಅವರು ಇಯರ್‌ಫೋನು ತೆಗೆದು, ಅಂಗಿಯ ತುದಿಗೆ ಒರೆಸಿ ನನ್ನ ಕೈಗೆ ಕೊಟ್ಟರು. ಕಿವಿಗಿಟ್ಟುಕೊಂಡೆ. ಸ್ಲ್ಯಾಬಿನ ಮೇಲೆ ತಗಡು ಎಳೆದಂಥ ಸದ್ದು. ಅದರ ನಡುವೆ ಒಬ್ಬ ಹುಡುಗನ ಧ್ವನಿ.

"ಏನ್ ಕೇಳಿಸ್ತವಾ?"

"ಯಾರಿಗೋ ಪೆಟ್ಟಾಗ್ಯಾದ್ರಿ."

"ಶಾಣ್ಯಾಕಿ ಇದ್ದಿ!" ಎಂದರು ಕಾಕಾ. "ಅದ ನೋಡು ಈ ಹಾಡಿನ ಅರ್ಥ. ಪ್ಯಾಟಿ ಮಂದೀಗೆ ತಿಳೀಲಿಕ್ಕೆ ವರ್ಷ ಬೇಕಾತು."

ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹಾಡು ಬರೆದು, ಬಾಡಿಗೆ ಕೋಣೆಯಲ್ಲಿ ರೆಕಾರ್ಡು ಮಾಡಿ, ತಾವೇ ಬಿಡುಗಡೆ ಮಾಡುವ ಇಂಥ ಬ್ಯಾಂಡುಗಳಿಗೆ ಇಂಡೀ ಎನ್ನುತ್ತಾರೆ ಎಂದು ಕಾಕಾನಿಂದಲೇ ನನಗೆ ಗೊತ್ತಾದದ್ದು. ಧಾರವಾಡದವರಾಗಿ ಹಿಂದೂಸ್ತಾನಿ ಬಿಟ್ಟು ಇದೇನು ಎಂದು ಬಂದವರೆಲ್ಲ ಕೇಳುತ್ತಿದ್ದರು. "ಅದನ್ನೂ ಕೇಳ್ತೀನ್ರಿ. ಆದ್ರ ಅದು ಇದ್ದಲ್ಲೇ ಅದ, ಎಲ್ಲೂ ಹೋಗಂಗಿಲ್ಲ. ಇದಕ್ಕ ಕಾಯಬೇಕಾಗ್ತದ. ನನಗ ಕಾಯೂದು ಭಾಳ ಸೇರ್ತದ" ಎನ್ನುತ್ತಿದ್ದರು.

ಕಾಯುವುದಕ್ಕೆ ಅವರಲ್ಲಿ ಮಡಿಯಿತ್ತು. ಆಲ್ಬಮ್ಮುಗಳು ಸಾಮಾನ್ಯವಾಗಿ ಶುಕ್ರವಾರ ಬಿಡುಗಡೆಯಾಗುತ್ತವೆ. ಅದಕ್ಕೂ ಕೆಲವು ವಾರ ಮೊದಲು ರುಚಿಗೆಂದು ಒಂದೆರಡು ಹಾಡು ಬಿಡುತ್ತಾರೆ. ಅದಕ್ಕೆ ಸಿಂಗಲ್ ಎಂದು ಹೆಸರು. ಕಾಕಾ ಸಿಂಗಲ್ ಮುಟ್ಟುತ್ತಿರಲಿಲ್ಲ. "ನೈವೇದ್ಯ ಆಗೂದಕ್ಕ ಮದಲ ಕಡಬು ಮುರದು ತಿಂದ್ಹಂಗ ಅದು" ಎನ್ನುವರು. ಶುಕ್ರವಾರ ತಲೆಗೆ ಸ್ನಾನ ಮಾಡಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅನುಕ್ರಮ ತಪ್ಪದಂತೆ ಕೂತು ಕೇಳಬೇಕು. ಅದಕ್ಕಾಗಿ ಅರ್ಧ ದಿನ ರಜೆ. ಕಾರಣ: ಮನೆಯಲ್ಲಿ ಕಾರ್ಯಕ್ರಮ.

"ಪರತ್ ಕಾರ್ಯಕ್ರಮ?" ಎಂದು ಶೇಠರು ಮರಾಠಿಯಲ್ಲಿ, ಮತ್ತೊಮ್ಮೆಯೇ ಎಂಬಂತೆ ಹುಬ್ಬೇರಿಸುತ್ತಿದ್ದರು. ಕಾಕಾನಿಗೆ ಎಷ್ಟು ಮಕ್ಕಳು, ಎಷ್ಟು ಮುಂಜಿವೆ, ಎಷ್ಟು ಬಾರಿ ಸತ್ಯನಾರಾಯಣ ಪೂಜೆ ಎಂದು ಶೇಠರಿಗೆ ಕಡೆಯವರೆಗೂ ಲೆಕ್ಕ ಹತ್ತಲಿಲ್ಲ.

ಸಂಜೆ ಓಣಿಯ ಮೂಲೆಯ ಅಮೃತತುಲ್ಯ ಚಹಾದಂಗಡಿಯಲ್ಲಿ ಶುಕ್ರವಾರದ ಮಂಡಳಿ ಸೇರುತ್ತಿತ್ತು. ಸದಸ್ಯರು ಮೂವರು. ಕಾಕಾ, ಎದುರಿನ ಕಟ್ಟಡದಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದ ಮರಾಠಿ ಡಾಕ್ಟರ್ ಬಾಯಿ, ಕಂಪ್ಯೂಟರ್ ಕೆಲಸಕ್ಕೆಂದು ಪುಣೆಗೆ ಬಂದಿದ್ದ ಬೆಂಗಳೂರಿನ ಇಂಜಿನಿಯರ್. ಈ ಮೂವರೂ ಬಂದ ಹಾಡುಗಳ ಬಗ್ಗೆ ಸ್ವಲ್ಪ, ಬರಲಿರುವ ಹಾಡುಗಳ ಬಗ್ಗೆ ಬಹಳ ಮಾತಾಡುವರು. ಆಲ್ಬಮ್ಮಿನ ಮುಖಪುಟದ ಬಣ್ಣ ನೋಡಿ ಒಳಗಿನ ಹಾಡು ದುಃಖದ್ದೋ ಸಿಟ್ಟಿನದ್ದೋ ಎಂದು ಜಗಳಾಡುವರು. ನಮ್ಮ ಕಡೆ ಮೋಡ ನೋಡಿ ಮಳೆ ಹೇಳುವವರು ಇದ್ದ ಹಾಗೆ. ಕೇಳಿ ಮುಗಿದ ಆಲ್ಬಮ್ಮಿನ ಬಗ್ಗೆ ಕಾಕಾ ಹೇಳುತ್ತಿದ್ದದ್ದು ಒಂದೆರಡು ಮಾತು. ಆಮೇಲೆ ಕಪ್ಪು ಕೆಳಗಿಟ್ಟು, ಪ್ರತಿ ಸಲವೂ ಅದೇ ಪ್ರಶ್ನೆ: "ಅದಿರ್ಲಿ, ಮುಂದಿಂದು ಯಾವಾಗ?"

ನಾನು ಅದೇ ಮೇಜಿನ ತುದಿಯಲ್ಲಿ ಕೂತು ಅವರಿಂದ ಲೆಕ್ಕ ಹೇಳಿಸಿಕೊಳ್ಳುತ್ತಿದ್ದೆ. ಮೊದಲೆರಡು ವರ್ಷ ಹೇಗೋ ದಾಟಿತು. ಮೂರನೆಯದೂ ದಾಟಿತು, ಒಂದನ್ನು ಬಿಟ್ಟು: ಕಾಸ್ಟ್ ಅಕೌಂಟಿಂಗ್. ಒಂದು ವಸ್ತು ತಯಾರಾಗಲು ಯಾವುದಕ್ಕೆ ಎಷ್ಟು ಖರ್ಚು ಬಿತ್ತೆಂದು ಬಿಡಿಸಿ ನೋಡುವ ವಿಷಯ. ಮೊದಲ ಸಲ ಫೇಲಾದೆ. ಮತ್ತೆ ಬರೆದೆ, ಮತ್ತೆ ಫೇಲಾದೆ.

ಆ ದಿನ ಮಾವ ಮನೆಗೆ ಬಂದು ಹಾಸಿಗೆಯ ಸುರುಳಿಗೆ ಒರಗಿ ಕೂತ. ಅವನಿಗೆ ಸಂತೋಷವೇನೂ ಆಗಿರಲಿಲ್ಲ. ತನ್ನ ಮಾತು ನಿಜವಾಯಿತಲ್ಲ ಎಂಬ ಒಂದು ಸಮಾಧಾನ, ಅಷ್ಟೆ. "ನಾ ಏನ್ ವೈರಿ ಅಲ್ಲಬೇ ನಿಂಗ" ಎಂದ. "ಆಗಲಾರದ್ದು ಆಗಂಗಿಲ್ಲ. ತ್ವಾಳು ಗಟ್ಟಿ ಇದ್ದವ್ರ ಕುಲ ನಮ್ದು, ತಲಿ ಗಟ್ಟಿ ಇದ್ದವ್ರದ್ದಲ್ಲ." ಅವ್ವ ಒಲೆಯ ಮುಂದೆ ಕೂತು ಅವನಿಗೆ ಚಹಾ ಇಟ್ಟಳು. ಆ ಮಾತಿಗೆ ಅವ್ವ ಚಹಾ ಇಟ್ಟದ್ದೇ ನನಗೆ ಹೆಚ್ಚು ಚುಚ್ಚಿತು. ಇನ್ನು ಪರೀಕ್ಷೆಗೆ ಕಟ್ಟುವುದಿಲ್ಲ ಎಂದು ನಿರ್ಧರಿಸಿ ಮಲಗಿದೆ.

ಶುಕ್ರವಾರ ಚಹಾದಂಗಡಿಯಲ್ಲಿ ಅದನ್ನೇ ಹೇಳಿದೆ. "ಸಾಕ್ರಿ ಕಾಕಾ. ಬಿಲ್ ಹೊಡಿಲಿಕ್ಕಿ ಹನ್ನೆರಡನೇತ್ತ ಸಾಕು."

ಕಾಕಾ ಎಡಗಿವಿಯ ಇಯರ್‌ಫೋನು ತೆಗೆದರು. ಬೇರೆಯವರಿಗೆ ಹಾಡು ಕೇಳಿಸಲಿಕ್ಕಲ್ಲದೆ ಅವರು ಅದನ್ನು ಹಾಗೆ ನಡುವೆ ತೆಗೆಯುವುದು ಶೇಠರ ತಾಯಿ ತೀರಿಕೊಂಡಾಗ ಬಿಟ್ಟರೆ ನಾನು ನೋಡಿರಲಿಲ್ಲ.

"ಕಾಶೀಗೆ ಹೋದವರು ತಮಗ ಭಾಳ ಸೇರೂದು ಒಂದು ಬಿಟ್ಟು ಬರಬೇಕಾಗ್ತದ, ಗೊತ್ತದ ಇಲ್ಲೋ? ನಾನೂ ಒಂದು ಬಿಡ್ತೀನಿ. ನೀ ಪಾಸಾಗಿ ಡಿಗ್ರಿ ಕೈಯಾಗ ಹಿಡಿಯೂತನಕಾ ಆ ಕೋಥರೂಡ ಹುಡುಗರ ಎರಡನೇ ಆಲ್ಬಮ್ ನಾ ಕೇಳಂಗಿಲ್ಲ. ಹರಕಿ."

ಡಾಕ್ಟರ್ ಬಾಯಿ ಚಹಾ ನೆತ್ತಿಗೇರಿಸಿಕೊಂಡು ನಗತೊಡಗಿದರು. "ಕಾಕಾ, ಅದು ಬರುವುದೇ ಇಲ್ಲವಲ್ಲ! ಇಲ್ಲದ್ದನ್ನು ಬಿಡುತ್ತೀರಾ?" ಎಂದರು ಮರಾಠಿಯಲ್ಲಿ.

ಕಾಕಾ ನಾಚಿದರು. "ನಮ್ಮ ಅಜ್ಜೀನೂ ಹಂಗ" ಎಂದರು. "ಕಾಶೀಗೆ ಹೋಗಿ ಹಾಗಲಕಾಯಿ ಬಿಟ್ಟು ಬಂದಿದ್ಲು. ಹಾಗಲಕಾಯಿ ಅಂದ್ರ ಆಕೀಗೆ ಮದಲ ಆಗತಿದ್ದಿಲ್ಲ."

ನಾನೂ ನಕ್ಕೆ. ಫೇಲಾದ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕಿದ್ದೇ ತಪ್ಪಾಯಿತೋ ಏನೋ, ಮರುದಿನ ಹೋಗಿ ಪರೀಕ್ಷೆಗೆ ಕಟ್ಟಿಬಂದೆ.

ಅದಾದ ಮುಂದಿನ ತಿಂಗಳೇ ಕೋಥರೂಡದ ಹುಡುಗರು ಸುದ್ದಿ ಬಿಟ್ಟರು: ಎರಡನೆಯ ಆಲ್ಬಮ್ ತಯಾರಾಗಿದೆ, ದೀಪಾವಳಿಗೆ ಮುಂಚಿನ ಶುಕ್ರವಾರ ಬಿಡುಗಡೆ.

ಇಂಜಿನಿಯರ್ ಓಡುತ್ತ ಆಫೀಸಿಗೇ ಬಂದ. "ಕಾಕಾ! ಬಂತು ಕಾಕಾ! ಡೇಟೇ ಅನೌನ್ಸ್ ಮಾಡ್ಬಿಟ್ರು, ನಂಬ್ತೀರಾ?" ಎಂದು ಕೂಗಿದ. ಕಾಕಾ ಕುರ್ಚಿಯಿಂದ ಎದ್ದರು, ಎರಡೂ ಕೈ ಮೇಲೆತ್ತಿದರು, ನನ್ನನ್ನು ನೋಡಿದರು, ಕೂತರು.

"ಹಾಗಲಕಾಯಿ ಮಾವಿನಹಣ್ಣಾತಲ್ಲೋ" ಎಂದರು.

ನನ್ನ ಪರೀಕ್ಷೆ ಇದ್ದದ್ದು ದೀಪಾವಳಿ ಕಳೆದ ಮೇಲೆ.

ಆ ಸಂಜೆ ಮಂಡಳಿಯಲ್ಲಿ ಹರಕೆಗೆ ಸಂದು ಹುಡುಕುವ ಕೆಲಸ ನಡೆಯಿತು. ಡಾಕ್ಟರ್ ಬಾಯಿ, ಹರಕೆ ಇರುವುದು ಆಲ್ಬಮ್ಮಿಗೆ, ಹಾಗಾಗಿ ಸಿಂಗಲ್ ಕೇಳಬಹುದು ಎಂದರು. ಸಿಂಗಲ್ ಕೇಳಬಾರದೆಂಬುದು ಕಾಕಾನದೇ ನಿಯಮ. ಇಂಜಿನಿಯರ್, "ಹಾಡು ಪ್ಲೇ ಮಾಡೋದು ನಾನು, ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ, ಕಿವಿಗೆ ಬಿದ್ರೆ ನಿಮ್ ತಪ್ಪಾ?" ಎಂದ.

"ಪಕ್ಕದ ಮನ್ಯಾಗ ಮಾವಿನಹಣ್ಣು ತಿಂದ್ರ ಹರಕಿ ಮುರೀತದ ಇಲ್ಲೋ? ಮುರೀತದ. ಸುಮ್ನ ಕೂಡ್ರಿ" ಎಂದು ಕಾಕಾ ಗದರಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ನೀ ಏನ್ ಮನಸ್ಸಿಗೆ ಹಚ್ಕೋಬ್ಯಾಡವಾ. ನಿನ್ನ ಪಾಡಿಗೆ ನೀ ಓದು."

ಹಚ್ಚಿಕೊಳ್ಳದೆ ಹೇಗಿರುವುದು? ಅಲ್ಲಿಯವರೆಗೆ ನಾನು ಫೇಲಾದರೆ ಬೈಸಿಕೊಳ್ಳುವವಳು ನಾನೊಬ್ಬಳೇ ಇದ್ದೆ. ಈಗ, ಇಷ್ಟು ವರ್ಷ ಒಂದು ಹಾಡಿಗೆ ಕಾದ ಮನುಷ್ಯನ ಕಿವಿ ನನ್ನ ಕಾಸ್ಟ್ ಅಕೌಂಟಿಂಗಿಗೆ ಗಂಟು ಬಿದ್ದಿತ್ತು. ಮಂಡಳಿಗೂ ಅವರಿಲ್ಲದೆ ಆಲ್ಬಮ್ಮಿನ ಮಾತಾಡುವ ಹಾಗಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದೂ ಆಗದು. ಹಾಗಾಗಿ ಅವರೆಲ್ಲ ನನ್ನ ಬೆನ್ನು ಹತ್ತಿದರು. ಡಾಕ್ಟರ್ ಬಾಯಿ ತಮ್ಮ ಪೇಷಂಟುಗಳಲ್ಲೊಬ್ಬ ಕಾಮರ್ಸ್ ಮಾಸ್ತರರನ್ನು ಹಿಡಿದು, ಬಾಯಿ ತೆರೆಸಿಟ್ಟುಕೊಂಡೇ ಯಾವ ಅಧ್ಯಾಯ ಮುಖ್ಯವೆಂದು ಕೇಳಿಬಂದರು. ಮಾಸ್ತರರು ಬೆರಳು ತೋರಿಸಿ ಉತ್ತರ ಹೇಳಿದರಂತೆ. ಇಂಜಿನಿಯರ್ ತನಗೆ ತಿಳಿದ ಭಾಷೆಯಲ್ಲಿ ಪಾಠ ಮಾಡಿದ: "ತುಂಬಾ ಸಿಂಪಲ್ ಕಣಮ್ಮ. ಬ್ಯಾಂಡ್‌ನೋರು ಹಾಡು ಮಾಡಿದ್ರೂ ಮಾಡದೇ ಇದ್ರೂ ಸ್ಟುಡಿಯೋ ಬಾಡಿಗೆ ಕಟ್ಟಲೇಬೇಕಲ್ವಾ? ಅದು ಫಿಕ್ಸೆಡ್ ಕಾಸ್ಟ್. ಒಂದೊಂದು ಹಾಡಿಗೂ ಇಷ್ಟಿಷ್ಟು ಅಂತ ಟೀ ಕುಡೀತಾರೆ ನೋಡು, ಅದು ವೇರಿಯಬಲ್." ಎರಡು ಸಲ ಫೇಲಾದರೂ ತಲೆಗೆ ಹೋಗದ್ದು ಆ ಚಹಾದಿಂದ ಹೋಯಿತು.

ಬಿಡುಗಡೆಯ ಶುಕ್ರವಾರ ಬಂತು. ಕಾಕಾ ಅವತ್ತು ತಾವಾಗಿಯೇ ಕುರಕುಂಭದ ಡಿಪೋ ನೋಡಿಬರುತ್ತೇನೆಂದು ಶೇಠರಿಗೆ ಹೇಳಿದರು. ಶೇಠರು ನಂಬಲಿಲ್ಲ. ನಮ್ಮ ಟ್ಯಾಂಕರುಗಳು ನಿಲ್ಲುವ ಡಿಪೋ ಅದು. ಸುತ್ತ ಕೆಮಿಕಲ್ ಕಾರ್ಖಾನೆಗಳು, ಮೂಗಿಗೆ ಅರಿವೆ ಕಟ್ಟಿಕೊಂಡು ಕೂರಬೇಕು. ಅಲ್ಲಿಗೆ ಯಾರೂ ಕೇಳಿಕೊಂಡು ಹೋಗುವುದಿಲ್ಲ. "ಅಲ್ಲೆ ಹಾಡು ಕೇಳವರು ಯಾರೂ ಇಲ್ಲ. ಒಂದು ದಿವಸ ಪಾರಾದ್ರ ಸಾಕು. ನೀನೂ ಬಾ, ಬಿಲ್ ತಾಳಿ ನೋಡೂದದ. ಪುಸ್ತಕ ತಗೊಂಡ ಬಾ" ಎಂದರು ನನಗೆ.

ಡಿಪೋದ ಶೆಡ್ಡಿನಲ್ಲಿ ಡ್ರೈವರುಗಳು ಊಟಕ್ಕೆ ಕೂತಿದ್ದರು. ನಾನು ಪುಸ್ತಕ ಬಿಚ್ಚಿದ್ದೆ. ಕಾಕಾ ನೆಮ್ಮದಿಯಿಂದ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದರು. ಅಷ್ಟರಲ್ಲಿ ಒಬ್ಬ ಡ್ರೈವರನ ಮೊಬೈಲಿನಿಂದ ಗಿಟಾರು ಶುರುವಾಯಿತು. ಅವನ ಮನೆಯೂ ಕೋಥರೂಡದಲ್ಲೇ. ಡ್ರಮ್ಮಿನವನು ಅವನ ಓಣಿಯ ಹುಡುಗ, ಇವತ್ತು ಹೊಸದು ಬಂದಿದೆಯೆಂದು ಹೆಮ್ಮೆಯಿಂದ ಹಚ್ಚಿದ್ದ.

"ಬಂದ್ ಕರಾ! ಬಂದ್ ಕರಾ!" ಎಂದು ಕೂಗುತ್ತ ಕಾಕಾ ಎರಡೂ ಕಿವಿ ಮುಚ್ಚಿಕೊಂಡು ಶೆಡ್ಡಿನಿಂದ ಹೊರಗೆ ಓಡಿದರು.

ಕುರಕುಂಭದಲ್ಲಿ ಒಂದು ಪಾಠವಿದೆ. ಒಬ್ಬ ಓಡಿದರೆ ಎಲ್ಲರೂ ಓಡಬೇಕು. ಯಾಕೆಂದು ಆಮೇಲೆ ಕೇಳಬೇಕು. ವಯಸ್ಸಾದ ಒಬ್ಬ ಅಕೌಂಟ್ಸಿನವರು 'ಬಂದ್ ಮಾಡಿ' ಎಂದು ಚೀರುತ್ತ ಗೇಟಿನ ಕಡೆ ಓಡುವುದನ್ನು ಕಂಡವರು ಏನು ತಿಳಿಯಬೇಕು? "ಗ್ಯಾಸ್! ಗ್ಯಾಸ್!" ಎಂದು ಡ್ರೈವರುಗಳು ತಾಟು ಬಿಟ್ಟೆದ್ದರು. ಯಾರೋ ವಾಲ್ವು ತಿರುಗಿಸಲು ಹೋದ. ಯಾರೋ ಗಂಟೆ ಬಾರಿಸಿದ. ಪಕ್ಕದ ಗೋದಾಮಿನವರೂ ಓಡಿಬಂದು, ಗಾಳಿ ಯಾವ ಕಡೆಗಿದೆ ಎಂದು ಅರಿವೆ ಹಾರಿಸಿ ನೋಡಿ, ಅದಕ್ಕೆದುರಾಗಿ ದಿಬ್ಬ ಏರಿ ನಿಂತರು. ನಾನೂ ಕಾಸ್ಟ್ ಅಕೌಂಟಿಂಗ್ ಎದೆಗವಚಿಕೊಂಡು ಅವರ ನಡುವೆ ನಿಂತೆ.

"ಎಲ್ಲಿ ಸೋರಿತು ಕಾಕಾ?" ಎಂದು ಡಿಪೋದ ಸಾಹೇಬರು ಏದುಸಿರು ಬಿಡುತ್ತ ಕೇಳಿದರು.

ಕಾಕಾನಿಗೆ ಸುಳ್ಳು ಬರುತ್ತಿರಲಿಲ್ಲ, ಕಾರ್ಯಕ್ರಮದ್ದೊಂದನ್ನು ಬಿಟ್ಟು. "ಸೋರಿಲ್ರೀ" ಎಂದರು. "ಹಾಡು."

ಆ ಸಾಹೇಬರು ಅವರನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಮರಳಿ ಬರುವಾಗ ಜೀಪಿನಲ್ಲಿ ಕಾಕಾ, "ಗಿಟಾರ್ ಸ್ವಲ್ಪ ಕೇಳಿಸ್ತವಾ. ನಾ ಬೇಕಂತ ಕೇಳಿಲ್ಲ" ಎಂದರು, ಉಪವಾಸದ ದಿನ ಬಾಯಿಗೆ ಅಕ್ಕಿಕಾಳು ಬಿದ್ದವರ ಹಾಗೆ. ನಾನು ಪುಸ್ತಕ ಬಿಚ್ಚಿ, ಸ್ವಾರಗೇಟ ಬರುವವರೆಗೂ ತಲೆ ಎತ್ತದೆ ಓದಿದೆ.

ಪರೀಕ್ಷೆಯಲ್ಲಿ ಫಿಕ್ಸೆಡ್ ಕಾಸ್ಟ್ ಬಂತು. ಬ್ಯಾಂಡು, ಸ್ಟುಡಿಯೋ, ಚಹಾ ಎಲ್ಲವನ್ನೂ ಕಾರ್ಖಾನೆ, ಬಾಡಿಗೆ, ಕಚ್ಚಾ ಸಾಮಾನೆಂದು ಬದಲಾಯಿಸಿ ಬರೆದೆ. ಪಾಸಾದೆ. ದರ್ಜೆಯ ಮಾತು ಬೇಡ; ಪಾಸಾದೆ.

ಫಲಿತಾಂಶ ಮೊಬೈಲಿನಲ್ಲಿ ಬಂದದ್ದೇ ಕಾಕಾನ ಮೇಜಿಗೆ ಓಡಿದೆ. ಅವರು ಕನ್ನಡಕ ಏರಿಸಿ ನೋಡಿದರು, ನನ್ನ ತಲೆಯ ಮೇಲೆ ಕೈಯಿಟ್ಟರು, ಕಣ್ಣು ಒರೆಸಿಕೊಂಡರು. "ಈಗರೆ ಕೇಳ್ರಿ ಕಾಕಾ" ಎಂದೆ. ಕೈ ಇಯರ್‌ಫೋನಿನವರೆಗೆ ಹೋಗಿ ನಿಂತಿತು.

"ಇಲ್ಲವಾ. ಮೊಬೈಲ್‌ನಾಗ ಬಂದದ್ದು ಸಿಂಗಲ್. ಸರ್ಟಿಫಿಕೇಟ್ ಬರ್ಲಿ. ಆಲ್ಬಮ್ ಅಂದ್ರ ಅದು."

ಡಾಕ್ಟರ್ ಬಾಯಿ ಆ ಸಂಜೆ ಕಾಕಾನೊಂದಿಗೆ ಮಾತು ಬಿಟ್ಟರು. ಸರ್ಟಿಫಿಕೇಟಿಗೆ ಇನ್ನೂ ತಿಂಗಳುಗಳಿದ್ದವು.

ಪದವಿ ಕೊಡುವ ದಿನ ಕಾಲೇಜಿನ ಅಂಗಳಕ್ಕೆ ಅವ್ವ ಬಂದಳು. ಅಪ್ಪನಿಗೆ ಅವತ್ತು ಸ್ಲ್ಯಾಬ್ ಇತ್ತು; ಕಲಸಿಟ್ಟ ಕಾಂಕ್ರೀಟು ಯಾರ ಡಿಗ್ರಿಗೂ ಕಾಯುವುದಿಲ್ಲ. ಅವನ ಬದಲು ಮಾವ ಬಂದ, ಹೊಸ ಟೋಪಿ ಹಾಕಿಕೊಂಡು, ಮೆಟ್ರೋದಲ್ಲಿ. ಮಂಡಳಿಯೂ ಬಂದಿತ್ತು. ಕಾಕಾ ತಲೆಗೆ ಸ್ನಾನ ಮಾಡಿ, ಮನೆಯಲ್ಲಿ ಕಾರ್ಯಕ್ರಮವೆಂದು ರಜೆ ಹಾಕಿ ಬಂದಿದ್ದರು.

ನನ್ನ ಹೆಸರು ಕರೆದರು. ಹೋದೆ, ಎರಡೂ ಕೈಯಲ್ಲಿ ತೆಗೆದುಕೊಂಡೆ, ಇಳಿದು ಬಂದೆ. ಕಾಕಾ ಅದನ್ನು ಇಸಿದುಕೊಂಡು, ನನ್ನ ಹೆಸರು, ಅಪ್ಪನ ಹೆಸರು, ವಿಷಯ, ಮುದ್ರೆ ಎಲ್ಲವನ್ನೂ ಲೆಕ್ಕ ತಾಳೆ ನೋಡುವವರ ಹಾಗೆ ಬೆರಳಿಟ್ಟು ನೋಡಿದರು. "ಖರೆ ಅದ" ಎಂದರು. ಆಮೇಲೆ ಅದನ್ನು ಮಾವನ ಕೈಗೆ ಕೊಟ್ಟು, "ನೀವ ಹಿಡ್ಕೋರಿ. ನಂಗ ಸ್ವಲ್ಪ ಕೆಲಸದ" ಎಂದು ಅಲ್ಲಿಯೇ ಮೆಟ್ಟಿಲ ಮೇಲೆ ಕೂತರು.

ಮತ್ತು ಎರಡೂ ಕಿವಿಗೆ ಇಯರ್‌ಫೋನು ಹಾಕಿಕೊಂಡರು. ನಾನು ಹಾಗೆ ನೋಡಿದ್ದು ಅದೇ ಮೊದಲು.

ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅನುಕ್ರಮವಾಗಿ. ಅಂಗಳ ಖಾಲಿಯಾಯಿತು. ಕುರ್ಚಿಗಳನ್ನು ಮಡಚಿ ಒಯ್ದರು. ನಾವೆಲ್ಲ ಅವರ ಸುತ್ತ, ಗರ್ಭಗುಡಿಯ ಪರದೆ ಯಾವಾಗ ಸರಿಯುತ್ತದೋ ಎಂಬಂತೆ ನಿಂತಿದ್ದೆವು. ಮಾವ ಸರ್ಟಿಫಿಕೇಟನ್ನು ಹಸಿ ಬಣ್ಣದ ಬಾಗಿಲು ಹಿಡಿದ ಹಾಗೆ ಅಂಚಿನಲ್ಲಷ್ಟೇ ಹಿಡಿದು, ಒಮ್ಮೆ ಮುಂದೆ ನೋಡುತ್ತ, ಒಮ್ಮೆ ಹಿಂದೆ ನೋಡುತ್ತ ಬಿಸಿಲಲ್ಲಿ ನಿಂತಿದ್ದ. ಕಾಕಾನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಪಾಸಾದಾಕಿ ನೀನು, ಅಳಾವ್ರು ಅವ್ರು. ಏನಾಗ್ಯದಬೇ ಅವ್ರಿಗಿ?" ಎಂದು ಅವ್ವ ನನ್ನ ಕಿವಿಯಲ್ಲಿ ಕೇಳಿದಳು.

ಕೊನೆಗೆ ಕಾಕಾ ಇಯರ್‌ಫೋನು ತೆಗೆದು, ವೈರು ಸುತ್ತಿ ಜೇಬಿಗಿಟ್ಟರು.

"ಹೇಗಿದೆ ಕಾಕಾ? ಹೇಳಿ ಕಾಕಾ!" ಎಂದ ಇಂಜಿನಿಯರ್.

ಕಾಕಾ ಬಹಳ ಯೋಚಿಸಿ ಹೇಳಿದರು: "ಮದಲನೇದ್ದರಷ್ಟು ಛಲೋ ಇಲ್ಲ."

ಡಾಕ್ಟರ್ ಬಾಯಿ ತಲೆ ತಲೆ ಬಡಿದುಕೊಂಡರು. ಕಾಕಾ ನಗುತ್ತ ಎದ್ದು ಅಂಗಿಯ ಧೂಳು ಕೊಡವಿ, ತಮ್ಮ ಮಾಮೂಲಿನ ಪ್ರಶ್ನೆ ಕೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಮಾವ ಮಾತಾಡಿದ. ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು, ಟೋಪಿ ಸರಿಮಾಡಿಕೊಂಡು, ಸಿಟ್ಟಿನಲ್ಲಿದ್ದವನ ಹಾಗೆ ಕೇಳಿದ:

"ಆತಬೇ, ಇದೊಂದು ಆತು. ಮುಂದಿಂದು ಯಾವಾಗ?"